ಬಾಯಲ್ಲಿ ಕಲ್ಲಿಟ್ಟುಕೊಂಡವನ ಮಿಕ್ಕ ಕಥೆ

ಚಿಕ್ಕವನಿದ್ದಾಗ ನನಗೆ ‘ರ’ ಬರುತ್ತಿರಲಿಲ್ಲ. ರಾಮ ಹೋಗಿ ಲಾಮ, ರೊಟ್ಟಿ ಹೋಗಿ ಲೊಟ್ಟಿ. ಆಗ ಮೇಷ್ಟ್ರೊಬ್ಬರು ಡೆಮಾಸ್ತನೀಸನ ಕಥೆ ಹೇಳಿದರು. ಬಾಯಲ್ಲಿ ಕಲ್ಲು ಇಟ್ಟುಕೊಂಡು ಮಾತಾಡಿ ಮಾತಾಡಿ ಗ್ರೀಸಿನ ದೊಡ್ಡ ಭಾಷಣಕಾರ ಆದನಂತೆ. ನಾನೂ ಹಿತ್ತಲಿಂದ ಒಂದು ಕಲ್ಲು ಆರಿಸಿ ತಂದೆ. ಇನ್ನೇನು ಗಂಟಲಿಗೆ ಇಳಿಯುವುದರಲ್ಲಿತ್ತು. ಅಮ್ಮ ಬೆನ್ನಿಗೆ ಕೊಟ್ಟ ಗುದ್ದು ಇನ್ನೂ ನೆನಪಿದೆ.

ಡೆಮಾಸ್ತನೀಸನಿಗೂ ‘ರ’ ಬರುತ್ತಿರಲಿಲ್ಲ ಅಂತ ರೋಮಿನ ಭಾಷಣಕಾರ ಸಿಸೆರೊ ಬರೆದಿದ್ದಾನೆ. ಅದನ್ನು ಓದಿದ ದಿನ ಎಷ್ಟು ಖುಷಿಯಾಯಿತು ಗೊತ್ತಾ! ಕಲ್ಲಿನ ಕಥೆಯನ್ನೂ ಪೂರ್ತಿ ಕಟ್ಟುಕಥೆ ಅಂತ ತಳ್ಳಿಹಾಕುವ ಹಾಗಿಲ್ಲ. ಮುದುಕನಾದ ಡೆಮಾಸ್ತನೀಸನ ಬಾಯಿಂದಲೇ ಅದನ್ನು ಕೇಳಿದವರಿದ್ದರು ಅನ್ನುತ್ತಾನೆ ಅವನ ಜೀವನಚರಿತ್ರೆ ಬರೆದ ಪ್ಲೂಟಾರ್ಕ್. ನನ್ನ ತಕರಾರು ಬೇರೆ. ಎಲ್ಲರೂ ಕಥೆಯನ್ನು ಕಲ್ಲಿಗೇ ನಿಲ್ಲಿಸಿಬಿಡುತ್ತಾರೆ.

ಅವನು ಮಾತು ಕಲಿತದ್ದು ಹೆಸರು ಮಾಡಲಿಕ್ಕಲ್ಲ, ಆಸ್ತಿ ಜಗಳಕ್ಕೆ. ಹುಟ್ಟಿದ್ದು ಕ್ರಿ.ಪೂ. 384ರಲ್ಲಿ. ಅಪ್ಪನಿಗೆ ಅಥೆನ್ಸಿನಲ್ಲಿ ಕತ್ತಿ ಮಾಡುವ ಕಾರ್ಖಾನೆ ಇತ್ತು, ಮಂಚ ಮಾಡುವುದು ಇನ್ನೊಂದು. ಹುಡುಗನಿಗೆ ಏಳು ವರ್ಷ ಆದಾಗ ಅಪ್ಪ ತೀರಿಕೊಂಡ. ನೋಡಿಕೊಳ್ಳಬೇಕಾದ ಮೂವರು ಸೇರಿ ಆಸ್ತಿ ನುಂಗಿದರು. ಅವರಲ್ಲಿ ಇಬ್ಬರು ಹತ್ತಿರದ ನೆಂಟರೇ. ಇಪ್ಪತ್ತರ ಆಸುಪಾಸಿನಲ್ಲಿ ಈ ಹುಡುಗ ಕೋರ್ಟಿಗೆ ಹೋದ, ತಾನೇ ವಾದ ಮಾಡಿ ಗೆದ್ದ. ಕೈಗೆ ಬಂದ ದುಡ್ಡು ಮಾತ್ರ ಅಷ್ಟಕ್ಕಷ್ಟೇ. ಈ ಕಥೆ ನಮ್ಮ ಯಾವ ಊರಿನಲ್ಲಿ ಇಲ್ಲ ಹೇಳಿ?

ಆಮೇಲೆ ಬೇರೆಯವರಿಗೆ ಕೋರ್ಟಿನ ಭಾಷಣ ಬರೆದುಕೊಟ್ಟು ಹೊಟ್ಟೆ ಹೊರೆದ. ರಾತ್ರಿಯೆಲ್ಲ ಕೂತು ಬರೆದು ತಿದ್ದುತ್ತಿದ್ದನಂತೆ. ‘ಇವನ ವಾದದಲ್ಲಿ ದೀಪದ ಬತ್ತಿ ವಾಸನೆ’ ಅಂತ ಆಗದವರು ಆಡಿಕೊಳ್ಳುತ್ತಿದ್ದರು.

ಅಷ್ಟೊತ್ತಿಗೆ ಉತ್ತರದಲ್ಲಿ ಮ್ಯಾಸಿಡೋನಿಯದ ಫಿಲಿಪ್ ಬೆಳೆಯುತ್ತಿದ್ದ. ಅಲೆಕ್ಸಾಂಡರನ ಅಪ್ಪ. ಕ್ರಿ.ಪೂ. 351ರಿಂದ ಡೆಮಾಸ್ತನೀಸನದು ಒಂದೇ ವರಾತ: ಎದ್ದೇಳಿ, ಇವನು ನಮ್ಮನ್ನು ನುಂಗುತ್ತಾನೆ. ಜನ ಎದ್ದದ್ದು ತಡವಾಗಿ. 338ರಲ್ಲಿ ಕೈರೋನಿಯದಲ್ಲಿ ಅಥೆನ್ಸ್ ಸೋತಿತು. ಡೆಮಾಸ್ತನೀಸನೇ ಆಯುಧ ಎಸೆದು ಓಡಿಬಂದ ಅನ್ನುವ ಮಾತೂ ಇದೆ.

ನನಗೆ ಅವನು ದೊಡ್ಡವನಾಗಿ ಕಾಣುವುದು ಇಲ್ಲಿಂದ ಮುಂದೆ. ಯುದ್ಧಕ್ಕೆ ಎಳೆದವನು ಅವನು, ಸೋತದ್ದು ಊರು. ಆದರೂ ಸತ್ತವರಿಗೆ ಗೌರವ ಸಲ್ಲಿಸುವ ಭಾಷಣಕ್ಕೆ ಜನ ಅವನನ್ನೇ ಆರಿಸಿದರು. ಅವನಿಗೆ ಚಿನ್ನದ ಕಿರೀಟ ಕೊಡಬೇಕು ಅಂತ ಒಬ್ಬ ಠರಾವು ತಂದ. ಹಳೇ ವೈರಿ ಈಸ್ಕಿನೀಸ್ ಅದರ ಮೇಲೆ ಕೇಸು ಹಾಕಿದ. 330ರಲ್ಲಿ ವಿಚಾರಣೆ. ತಪ್ಪು ನನ್ನದಲ್ಲ ಅಂತ ಡೆಮಾಸ್ತನೀಸ್ ಜಾರಿಕೊಳ್ಳಬಹುದಿತ್ತು. ಅವನು ಹೇಳಿದ್ದೇ ಬೇರೆ. ಸೋಲುತ್ತೇವೆ ಅಂತ ಮೊದಲೇ ಗೊತ್ತಿದ್ದರೂ ನಾವು ಮಾಡಬೇಕಾದ್ದು ಇದನ್ನೇ ಅಂದ. ಹಿಂದೆ ಮ್ಯಾರಥಾನಿನಲ್ಲಿ ಪರ್ಷಿಯದವರ ವಿರುದ್ಧ ಹೋರಾಡಿದ ಹಿರಿಯರ ಮೇಲೆ ಆಣೆ ಇಟ್ಟ. ಈಸ್ಕಿನೀಸನಿಗೆ ಐದರಲ್ಲಿ ಒಂದು ಪಾಲು ಮತವೂ ಸಿಗಲಿಲ್ಲ. ಊರು ಬಿಟ್ಟು ಹೋದ.

ಹಾಗಂತ ಇವನನ್ನು ದೇವರು ಮಾಡಬೇಡಿ. ಅಲೆಕ್ಸಾಂಡರನ ಖಜಾಂಚಿ ಹಾರ್ಪಾಲಸ್ ದುಡ್ಡಿನ ಸಮೇತ ಓಡಿಬಂದಾಗ, ಅವನಿಂದ 20 ಟ್ಯಾಲೆಂಟ್ (ಒಂದು ಟ್ಯಾಲೆಂಟ್ ಅಂದರೆ ಸುಮಾರು 26 ಕಿಲೊ ಬೆಳ್ಳಿ) ಲಂಚ ತಿಂದ ಅಂತ ಇವನ ಮೇಲೆ ಆರೋಪ ಬಂತು. ಕೋರ್ಟು 50 ಟ್ಯಾಲೆಂಟ್ ದಂಡ ಹಾಕಿತು. ಕೊಡಲಾಗದೆ ಇವನೂ ಊರು ಬಿಟ್ಟ. ಅಲೆಕ್ಸಾಂಡರ್ ಸತ್ತ ಮೇಲೆ ವಾಪಸ್ ಕರೆಸಿಕೊಂಡರು. ಆದರೆ ಮ್ಯಾಸಿಡೋನಿಯದವರು ಮತ್ತೆ ಗೆದ್ದರು. 322ರಲ್ಲಿ ಕಲೌರಿಯಾ ದ್ವೀಪದಲ್ಲಿ ಸಮುದ್ರದೇವರು ಪೊಸೈಡನ್‌ನ ಗುಡಿಯಲ್ಲಿ ಅವರ ಕೈಗೆ ಸಿಗುವ ಮೊದಲೇ ವಿಷ ತಗೊಂಡ. ಲೇಖನಿಯಲ್ಲಿ ಬಚ್ಚಿಟ್ಟಿದ್ದ ವಿಷ ಅನ್ನುತ್ತಾರೆ.

ನಲವತ್ತು ವರ್ಷ ಕಳೆದ ಮೇಲೆ ಅಥೆನ್ಸಿನವರು ಅವನ ಕಂಚಿನ ಪ್ರತಿಮೆ ನಿಲ್ಲಿಸಿದರು. ಎರಡೂ ಕೈಯ ಬೆರಳು ಹೆಣೆದುಕೊಂಡು ನಿಂತ ಮನುಷ್ಯ. ಪ್ಲೂಟಾರ್ಕ್ ಒಂದು ಸಂಗತಿ ಹೇಳುತ್ತಾನೆ. ಯಾವುದೋ ತೊಂದರೆಗೆ ಸಿಕ್ಕ ಸಿಪಾಯಿಯೊಬ್ಬ ತನ್ನ ಹತ್ತಿರ ಇದ್ದಷ್ಟು ಚಿನ್ನವನ್ನು ಆ ಪ್ರತಿಮೆಯ ಕೈಯೊಳಗೆ ಇಟ್ಟು ಹೋದ. ಪಕ್ಕದ ಮರದ ಎಲೆಗಳು ಉದುರಿ ಅದನ್ನು ಮುಚ್ಚಿದವು. ಎಷ್ಟೋ ದಿನ ಆದಮೇಲೆ ಬಂದು ನೋಡಿದರೆ ಚಿನ್ನ ಇದ್ದ ಹಾಗೇ ಇತ್ತು. ಡೆಮಾಸ್ತನೀಸ್ ದುಡ್ಡು ಮುಟ್ಟುವವನಲ್ಲ ಅಂತ ಊರಿನ ಕವಿಗಳು ಪೈಪೋಟಿಗೆ ಬಿದ್ದು ಪದ್ಯ ಕಟ್ಟಿದರಂತೆ.