ಮಕ್ತಬ್ ಮತ್ತು ಮಕ್ತೂಬ್

ನಮ್ಮ ಮನೆಯ ಮೇಲಿನ ರೂಮಿನಲ್ಲಿ ಐದು ವರ್ಷ ಒಬ್ಬ ಅಫ್ಘನ್ ಹುಡುಗ ಬಾಡಿಗೆಗೆ ಇದ್ದ. 2019ರಲ್ಲಿ ಮೈಸೂರಿಗೆ ಓದಲು ಬಂದವನು. ಹೆಸರು ಬರೆಯುವುದಿಲ್ಲ, ಅವನ ಮನೆಯವರು ಇನ್ನೂ ಕಾಬೂಲ್‌ನಲ್ಲೇ ಇದ್ದಾರೆ. ಸಂಜೆ ಏಲಕ್ಕಿ ಹಾಕಿದ ಗ್ರೀನ್ ಟೀ ಮಾಡಿ ಫ್ಲಾಸ್ಕಿನಲ್ಲಿ ಕೆಳಗೆ ತರುತ್ತಿದ್ದ. ನನ್ನ ಹೆಂಡತಿ ಪಾತ್ರೆ ಖಾಲಿ ಕಳಿಸಬಾರದು ಅಂತ ಅದೇ ಫ್ಲಾಸ್ಕಿನ ಜೊತೆ ಒಂದು ಡಬ್ಬಿ ಚಿತ್ರಾನ್ನ ಕಳಿಸುತ್ತಿದ್ದಳು. ಅವನಿಗೆ ಒಗ್ಗರಣೆಯ ಕಡಲೆಬೇಳೆ ಯಾಕೆ ಅಷ್ಟು ಗಟ್ಟಿ ಅಂತ ಕೊನೆಯವರೆಗೂ ಅರ್ಥವಾಗಲಿಲ್ಲ.

ಒಂದು ದಿನ ಕರೆಂಟ್ ಬಿಲ್ ಕೊಡಲು ಮೇಲೆ ಹೋಗಿದ್ದೆ. ಇದಕ್ಕೆ ಕನ್ನಡದಲ್ಲಿ ಏನಂತೀರಿ ಎಂದು ಬಿಲ್ ಹಿಡಿದು ಕೇಳಿದ. ಕಾಗದ ಅಂದೆ. ನಕ್ಕುಬಿಟ್ಟ. ಅವರಲ್ಲಿ ಅದು ಕಾಗಜ್. ಆಮೇಲೆ ಸುಮಾರು ಹೊತ್ತು ಅದೇ ಆಟವಾಯಿತು. ಹುಕುಂ ಅಂದೆ, ಅದೂ ಅವರದೇ. ಕಿತಾಬು, ಅದೂ. ಹಾಗೇ ಮಾತಾಡುತ್ತಾ ಅವನೇ ಹೇಳಿದ: ನಮ್ಮಲ್ಲಿ ಶಾಲೆಗೆ ಮಕ್ತಬ್ ಅಂತೀವಿ, ಸರ್ಕಾರಿ ಕಚೇರಿಯಿಂದ ಬರುವ ಪತ್ರಕ್ಕೆ ಮಕ್ತೂಬ್. ಎರಡೂ ಹುಟ್ಟಿದ್ದು ಬರೆಯುವುದು ಎಂಬ ಒಂದೇ ಅರಬ್ಬಿ ಮೂಲದಿಂದ.

ಆವತ್ತು ಅದು ಬರೀ ತಮಾಷೆಯ ಮಾತು. ಆಮೇಲೆ ನೋಡಿದರೆ ಆ ದೇಶದ ಹುಡುಗಿಯರ ಕಥೆ ಪೂರ್ತಿ ಈ ಎರಡು ಪದಗಳ ನಡುವೆಯೇ ಇದೆ ಅನಿಸಿತು.

ನೀಲಾ ಇಬ್ರಾಹಿಮಿ ಎಂಬ ಹುಡುಗಿಯ ಹೆಸರು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. 2024ರ ನವೆಂಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅವಳಿಗೆ ಮಕ್ಕಳ ಅಂತಾರಾಷ್ಟ್ರೀಯ ಶಾಂತಿ ಪ್ರಶಸ್ತಿ ಕೊಟ್ಟರು. ಆಗ ಅವಳಿಗೆ 17 ವರ್ಷ. ಹಿಂದೆ ಮಲಾಲಾಗೆ, ಗ್ರೆಟಾ ಥುನ್‌ಬರ್ಗ್‌ಗೆ ಬಂದಿದ್ದ ಪ್ರಶಸ್ತಿಯೇ ಅದು. ನಮ್ಮ ವಾಟ್ಸಾಪ್ ಗ್ರೂಪಿಗೂ ಫೋಟೊ ಬಂತು. ಕೆಳಗೆ ಸಾಲಾಗಿ ಕೈಮುಗಿಯುವ ಗುರುತುಗಳು, 'ಧೀರ ಬಾಲೆ', 'ಹ್ಯಾಟ್ಸಾಫ್'. ನಾನೂ ಒಂದು ಕೈಮುಗಿದೆ, ಸುಳ್ಳು ಯಾಕೆ ಹೇಳಲಿ.

ಆದರೆ ಅವಳ ಕಥೆ ಶುರುವಾಗುವ ಜಾಗ ನೋಡಿ. ತಾಲಿಬಾನ್ ಅಲ್ಲ. 2021ರ ಮಾರ್ಚ್. ಆಗ ಕಾಬೂಲ್‌ನಲ್ಲಿ ಚುನಾಯಿತ ಸರ್ಕಾರ, ಅಮೆರಿಕದ ಸೈನ್ಯ ಇನ್ನೂ ಅಲ್ಲೇ ಇತ್ತು. ಕಾಬೂಲ್‌ನ ಶಿಕ್ಷಣ ಇಲಾಖೆಯಿಂದ ಶಾಲೆಗಳಿಗೆ ಒಂದು ಮಕ್ತೂಬ್ ಹೋಯಿತು. ಹನ್ನೆರಡು ದಾಟಿದ ಹುಡುಗಿಯರು ಸಾರ್ವಜನಿಕ ಕಾರ್ಯಕ್ರಮಗಳಲ್ಲಿ ಹಾಡಬಾರದು, ಸಭೆಯಲ್ಲಿ ಹೆಂಗಸರಷ್ಟೇ ಇದ್ದರೆ ಪರವಾಗಿಲ್ಲ. ಗಂಡು ಮೇಷ್ಟ್ರು ಅವರಿಗೆ ಹಾಡು ಕಲಿಸಬಾರದು. ಅಷ್ಟೇ, ಒಂದು ಹಾಳೆ. ಯಾರೂ ಬಂದೂಕು ಹಿಡಿದು ಬಂದಿರಲಿಲ್ಲ. ಯಾವುದೋ ಮೇಜಿನ ಮೇಲೆ ಟೈಪ್ ಆಗಿ, ಸೀಲು ಬಿದ್ದು, ಹೊರಟ ಕಾಗದ.

ನೀಲಾಗೆ ಆಗ ಹದಿಮೂರು. ಗುಂಪಿನಲ್ಲಿ ಹಾಡುತ್ತಿದ್ದ ಹುಡುಗಿ. ಮನೆಯಲ್ಲಿ ಅಣ್ಣನ ಸಹಾಯದಿಂದ ಒಂದು ಹಾಡು ರೆಕಾರ್ಡ್ ಮಾಡಿ ಸೋಶಿಯಲ್ ಮೀಡಿಯಾಗೆ ಹಾಕಿದಳು. 'ನನ್ನ ಹಾಡೇ ನಾನು' ಎಂಬ ಅರ್ಥದ ಹ್ಯಾಶ್‌ಟ್ಯಾಗ್ ಆ ಹೊತ್ತಿಗೆ ಓಡುತ್ತಿತ್ತು. ಅಫ್ಘಾನಿಸ್ತಾನದ ರಾಷ್ಟ್ರೀಯ ಸಂಗೀತ ಶಾಲೆ ಕಟ್ಟಿದ ಅಹ್ಮದ್ ಸರ್ಮಸ್ತ್ ಶುರು ಮಾಡಿದ್ದು. ಹೆಂಗಸರು, ಹುಡುಗಿಯರು ತಮ್ಮ ತಮ್ಮ ಮನೆಯಲ್ಲಿ ಕೂತು ಹಾಡಿ ಹಾಡಿ ಹಾಕಿದರು. ಕೆಲವೇ ವಾರಗಳಲ್ಲಿ ಸರ್ಕಾರ ಹಿಂದೆ ಸರಿಯಿತು, ಆದೇಶ ನಮ್ಮ ನೀತಿಯಲ್ಲ ಎಂದು ತೇಪೆ ಹಚ್ಚಿತು. ಹಾಡಬೇಡಿ ಅಂದವರಿಗೆ ಹಾಡಿಯೇ ಉತ್ತರ. ನನಗೆ ಈ ಪ್ರಕರಣದಲ್ಲಿ ಪ್ರಶಸ್ತಿಗಿಂತ ಇದೇ ಜಾಸ್ತಿ ಇಷ್ಟ.

ಅದೇ ವರ್ಷ ಆಗಸ್ಟ್ 15ಕ್ಕೆ ತಾಲಿಬಾನ್ ಕಾಬೂಲ್‌ಗೆ ಬಂತು. ಇಲ್ಲಿ ನಾವು ಧ್ವಜ ಹಾರಿಸಿ ಬಂದು ಟಿವಿ ಹಾಕಿದಾಗ ಅದೇ ಸುದ್ದಿ. ಮೇಲಿನ ರೂಮಿನ ಹುಡುಗ ಎರಡು ದಿನ ಕೆಳಗಿಳಿಯಲಿಲ್ಲ. ಮೆಟ್ಟಿಲ ಮೇಲೆ ಅವನ ಫ್ಲಾಸ್ಕು ಹಾಗೇ ಇತ್ತು.

ಆಮೇಲಿನದು ಒಂದರ ಹಿಂದೆ ಒಂದು ಮಕ್ತೂಬ್. ಸೆಪ್ಟೆಂಬರ್‌ನಲ್ಲಿ ಹೈಸ್ಕೂಲ್ ಹುಡುಗರು ಶಾಲೆಗೆ ಬನ್ನಿ ಅಂದರು, ಹುಡುಗಿಯರ ಬಗ್ಗೆ ಒಂದು ಮಾತೂ ಇಲ್ಲ. 2022ರ ಮಾರ್ಚ್ 23ರಂದು ಹುಡುಗಿಯರ ಹೈಸ್ಕೂಲು ತೆರೆಯುತ್ತೇವೆ ಅಂದರು. ಬ್ಯಾಗ್ ಹಾಕಿಕೊಂಡು ಬಂದು ಕ್ಲಾಸಿನಲ್ಲಿ ಕೂತಿದ್ದ ಮಕ್ಕಳನ್ನು ಕೆಲವೇ ಗಂಟೆಗಳಲ್ಲಿ ಎಬ್ಬಿಸಿ ಮನೆಗೆ ಕಳಿಸಿದರು. ಅಳುತ್ತಾ ಹೊರಬಂದ ಹುಡುಗಿಯರ ವಿಡಿಯೊ ನೀವೂ ನೋಡಿರುತ್ತೀರಿ. ಆ ಡಿಸೆಂಬರ್‌ನಲ್ಲಿ ಯೂನಿವರ್ಸಿಟಿಯೂ ಹೋಯಿತು. 2024ರ ಕೊನೆಗೆ ನರ್ಸಿಂಗ್, ಸೂಲಗಿತ್ತಿ ತರಬೇತಿ ಕೂಡ. ಹೆಂಗಸರಿಗೆ ಹೆಂಗಸರೇ ಚಿಕಿತ್ಸೆ ಕೊಡಬೇಕು ಎನ್ನುವ ದೇಶದಲ್ಲಿ ನರ್ಸ್ ಆಗುವುದನ್ನೂ ನಿಲ್ಲಿಸಿದರೆ ಬಾಣಂತಿಯರನ್ನು ನೋಡುವವರು ಯಾರು? ಇದಕ್ಕೆ ಉತ್ತರ ಕೊಡುವ ತೊಂದರೆಯನ್ನೂ ಯಾರೂ ತೆಗೆದುಕೊಂಡಿಲ್ಲ.

ಇನ್ನು ನಮ್ಮ ಹುಡುಗನ ತಂಗಿ. 2022ರಲ್ಲಿ ಅವಳು ಆರನೇ ಕ್ಲಾಸು. ಅಲ್ಲಿ ಶಾಲೆ ಶುರುವಾಗುವುದು ಮಾರ್ಚ್‌ನಲ್ಲಿ, ನೌರೋಜ್ ಹಬ್ಬದ ಹೊತ್ತಿಗೆ. ಹುಡುಗಿಯರಿಗೆ ಆರನೇ ಕ್ಲಾಸೇ ಕೊನೆ. ಆ ವರ್ಷ ಮುಗಿಯಿತು, ಒಳ್ಳೆ ಮಾರ್ಕ್ಸೂ ಬಂತು. 2023ರ ಮಾರ್ಚ್‌ನಲ್ಲಿ ಅವಳು ಮತ್ತೆ ಹೋಗಿ ಆರನೇ ಕ್ಲಾಸಿನಲ್ಲೇ ಕೂತಳು. ಫೇಲಾದವಳಲ್ಲ, ಸುಮ್ನೆ ಶಾಲೆಯಲ್ಲಿರಲಿಕ್ಕೆ. ಅವಳೊಬ್ಬಳೇ ಅಲ್ಲ, ಹೀಗೆ ಬೇಕೆಂದೇ ಆರನೇ ಕ್ಲಾಸನ್ನು ಎರಡೆರಡು ಸಲ ಓದಿದ ಹುಡುಗಿಯರು ಕಾಬೂಲ್‌ನಲ್ಲಿ ಬಹಳ. ಅಣ್ಣನಿಗೆ ಅವಳು ಕಳಿಸಿದ ಫೋಟೊ ನಾನು ನೋಡಿದ್ದೇನೆ. ಗಣಿತದ ನೋಟ್ಸು. ಹೋದ ವರ್ಷ ನೀಲಿ ಇಂಕಿನಲ್ಲಿ ಮಾಡಿದ ಲೆಕ್ಕಗಳ ಪಕ್ಕದಲ್ಲೇ ಅದೇ ಲೆಕ್ಕಗಳು ಈ ವರ್ಷ ಹಸಿರು ಇಂಕಿನಲ್ಲಿ. ಹೊಸ ಪುಸ್ತಕ ಯಾಕೆ ತಗೊಳ್ಳಲಿಲ್ಲ ಅಂತ ಕೇಳಿದರೆ, ಉತ್ತರ ಗೊತ್ತಿರುವ ಲೆಕ್ಕಕ್ಕೆ ಹೊಸ ಪುಸ್ತಕ ದಂಡ ಅಂದಳಂತೆ. ಹನ್ನೆರಡು ವರ್ಷದ ಹುಡುಗಿ.

ಮೂರನೇ ಸಲ ಬರಬೇಡ ಅಂತ ಟೀಚರೇ ಅತ್ತುಕೊಂಡು ಹೇಳಿದರಂತೆ.

ನೀಲಾ ಕಥೆ ಬೇರೆ ದಾರಿ ಹಿಡಿಯಿತು. ಅವಳ ಮನೆಯವರು ಹಜಾರಾ ಜನಾಂಗದವರು, ಆ ದೇಶದಲ್ಲಿ ಅಲ್ಪಸಂಖ್ಯಾತರು, ಹೆಚ್ಚಿನವರು ಷಿಯಾ ಮುಸ್ಲಿಮರು. ಕಾಬೂಲ್‌ನ ಪಶ್ಚಿಮಕ್ಕೆ ದಶ್ತ್-ಎ-ಬರ್ಚಿ ಅಂತ ಹಜಾರಾಗಳೇ ಜಾಸ್ತಿ ಇರುವ ಕಡೆ 2021ರ ಮೇ ತಿಂಗಳಲ್ಲಿ, ಅಂದರೆ ತಾಲಿಬಾನ್ ಬರುವುದಕ್ಕೂ ಮುಂಚೆ, ಒಂದು ಶಾಲೆ ಬಿಡುವ ಹೊತ್ತಿಗೆ ಬಾಂಬ್ ಹಾಕಿ 80ಕ್ಕೂ ಹೆಚ್ಚು ಜನರನ್ನು ಕೊಂದರು. ಸತ್ತವರಲ್ಲಿ ಹೆಚ್ಚಿನವರು ಶಾಲೆ ಹುಡುಗಿಯರು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಅಲ್ಲೇ ಕಾಜ್ ಎಂಬ ಕೋಚಿಂಗ್ ಸೆಂಟರಿನಲ್ಲಿ ಪ್ರವೇಶ ಪರೀಕ್ಷೆಗೆ ಅಭ್ಯಾಸ ಮಾಡುತ್ತಿದ್ದವರ ಮೇಲೆ ಆತ್ಮಹತ್ಯಾ ದಾಳಿ. ಅಲ್ಲೂ ಸತ್ತವರು ಬಹುಪಾಲು ಹುಡುಗಿಯರೇ.

ಅದೇ ದಶ್ತ್-ಎ-ಬರ್ಚಿಯಲ್ಲಿ ಮಾರೆಫತ್ ಎಂಬ ಶಾಲೆ ಇತ್ತು. ಇದರ ಬಗ್ಗೆ ಸ್ವಲ್ಪ ಹೇಳಲೇಬೇಕು. 90ರ ದಶಕದಲ್ಲಿ ಪಾಕಿಸ್ತಾನಕ್ಕೆ ಓಡಿಹೋದ ಅಫ್ಘನ್ ನಿರಾಶ್ರಿತರ ಮಕ್ಕಳಿಗಾಗಿ ಅಜೀಜ್ ರೊಯೆಶ್ ಎಂಬ ಮೇಷ್ಟ್ರು ಶುರು ಮಾಡಿದ್ದು. ಅವರು ಸ್ವತಃ ಶಾಲೆ ಪೂರೈಸಿದವರಲ್ಲ, ಯುದ್ಧದಲ್ಲಿ ಓದು ನಿಂತಿತ್ತು. 2001ರ ನಂತರ ಶಾಲೆಯನ್ನು ಕಾಬೂಲ್‌ಗೆ ತಂದರು. 2009ರಲ್ಲಿ ಹೆಂಡತಿಯರ ಮೇಲೆ ಕಟ್ಟು ಹಾಕುವ ಒಂದು ಕಾನೂನಿನ ವಿರುದ್ಧ ಅಲ್ಲಿನ ಹುಡುಗಿಯರು ಬೀದಿಗೆ ಬಂದಾಗ ಗುಂಪೊಂದು ಶಾಲೆಗೇ ಕಲ್ಲು ಹೊಡೆಯಿತು. ಶಾಲೆ ಮುಚ್ಚಲಿಲ್ಲ. ನಿರಾಶ್ರಿತರ ನಡುವೆ ಹುಟ್ಟಿ ಊರಿಗೆ ಮರಳಿದ ಆ ಶಾಲೆಯ ಹುಡುಗಿಯರು 2021ರಲ್ಲಿ ಮತ್ತೆ ನಿರಾಶ್ರಿತರಾದರು. ಅವರನ್ನು ಹೊರತರಲೆಂದೇ 'ಥರ್ಟಿ ಬರ್ಡ್ಸ್' ಎಂಬ ಸಂಸ್ಥೆ ಹುಟ್ಟಿತು. ಪಾರ್ಸಿಯಲ್ಲಿ ಸೀ ಮುರ್ಗ್ ಅಂದರೆ ಮೂವತ್ತು ಹಕ್ಕಿ. ನೀಲಾ ಮನೆಯವರು ಸುಮಾರು ಒಂದು ವರ್ಷ ಪಾಕಿಸ್ತಾನದಲ್ಲಿ ಕಾದಿದ್ದು, ಇದೇ ಸಂಸ್ಥೆಯ ನೆರವಿನಿಂದ ಕೆನಡಾಕ್ಕೆ ಹೋದರು.

ಕೆನಡಾದಲ್ಲಿ ಅವಳು ಜೊತೆಗಾರರೊಂದಿಗೆ 'ಹರ್‌ಸ್ಟೋರಿ' ಎಂಬ ಕೆಲಸ ಶುರು ಮಾಡಿದಳು. ದೇಶದ ಒಳಗೆ ಉಳಿದ ಹುಡುಗಿಯರು, ಹೊರಗೆ ಚದುರಿದವರು ತಮ್ಮ ಕಥೆ ತಾವೇ ಹೇಳಿಕೊಳ್ಳಲು ಒಂದು ಜಾಗ. ಜಿನೀವಾದಂಥ ದೊಡ್ಡ ವೇದಿಕೆಗಳಲ್ಲಿ ನಿಂತಾಗಲೂ ಅವಳು ಮಾತಾಡುವುದು ಅವರ ಬಗ್ಗೆ.

ನನ್ನ ತಕರಾರು ಇರುವುದು ಇಲ್ಲೇ. ಅವಳು ಅವರ ಕಡೆ ಕೈ ತೋರಿಸುತ್ತಾಳೆ. ನಾವು ಅವಳ ಕೈಯ ಫೋಟೊ ತೆಗೆದು 'ಧೀರ ಬಾಲೆ' ಅಂತ ಬರೆಯುತ್ತೇವೆ. ಧೈರ್ಯ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಧೈರ್ಯ ಆರನೇ ಕ್ಲಾಸಿನಲ್ಲಿ ಹಸಿರು ಇಂಕಿನಲ್ಲಿ ಲೆಕ್ಕ ಮಾಡುತ್ತಿದ್ದವಳಿಗೂ ಇತ್ತಲ್ವಾ? ನೀಲಾ ದಾಟಿದ್ದು ಧೈರ್ಯವೊಂದರಿಂದಲೇ ಅಲ್ಲ. ರೆಕಾರ್ಡ್ ಮಾಡಿಕೊಟ್ಟ ಅಣ್ಣ ಇದ್ದ. ಓಡಾಡಿ ಕಾಗದಪತ್ರ ಮಾಡಿಸಿದವರು ಇದ್ದರು. ಕೊನೆಗೆ ಒಂದು ದೇಶ ವೀಸಾ ಕೊಟ್ಟಿತು. ಎಲ್ಲ ಹೊಗಳಿಕೆಯನ್ನೂ ಅವಳ ಧೈರ್ಯದ ಖಾತೆಗೆ ಜಮಾ ಮಾಡಿದರೆ ಈ ವೀಸಾದ ಮಾತು ಎತ್ತುವ ಕಷ್ಟ ನಮಗೆ ತಪ್ಪುತ್ತದೆ.

ಯಾಕೆಂದರೆ ಆ ಮಾತು ನಮ್ಮ ಮನೆ ಬಾಗಿಲಿಗೂ ಬರುತ್ತದೆ. 2021ರ ಆಗಸ್ಟ್ 25ರಂದು ಭಾರತ ಸರ್ಕಾರ, ದೇಶದ ಹೊರಗಿರುವ ಅಫ್ಘನ್ನರಿಗೆ ಹಿಂದೆ ಕೊಟ್ಟಿದ್ದ ವೀಸಾಗಳೆಲ್ಲ ಅಮಾನ್ಯ, ಎಲ್ಲರೂ ಹೊಸದಾಗಿ ಇ-ವೀಸಾ ತಗೊಂಡೇ ಬರಬೇಕು ಅಂದಿತು. ಕೋವಿಡ್ ಸಮಯದಲ್ಲಿ ಊರಿಗೆ ಹೋಗಿದ್ದ ವಿದ್ಯಾರ್ಥಿಗಳು ಅಲ್ಲೇ ಸಿಕ್ಕಿಕೊಂಡರು. ನಮ್ಮ ಹುಡುಗನ ಜೊತೆ ಓದುತ್ತಿದ್ದ ಒಬ್ಬಳು ಹೀಗೇ ಅಲ್ಲಿ ಉಳಿದಳು. ಅವಳ ಸ್ವೆಟರ್, ಪುಸ್ತಕದ ರಟ್ಟಿನ ಪೆಟ್ಟಿಗೆ ನಮ್ಮ ಮನೆಯ ಅಟ್ಟದ ಮೇಲೆ ಎರಡು ವರ್ಷ ಇತ್ತು. ಭದ್ರತೆಯ ಕಾರಣ ಹೇಳುತ್ತಾರೆ. ಇರಲಿ, ಪರಿಶೀಲಿಸಲಿ. ಪರಿಶೀಲಿಸಿ ಕರೆಸಿಕೊಳ್ಳುವುದು ಬೇರೆ, ಎಲ್ಲರಿಗೂ ಒಂದೇ ಏಟಿಗೆ ಬಾಗಿಲು ಹಾಕುವುದು ಬೇರೆ. ನಿರಾಶ್ರಿತರಿಗೆಂದೇ ನಮ್ಮಲ್ಲಿ ಒಂದು ಕಾನೂನಿಲ್ಲ, 1951ರ ಒಪ್ಪಂದಕ್ಕೆ ನಾವು ಸಹಿ ಹಾಕಿಲ್ಲ. ಆದರೂ 60ರ ದಶಕದಲ್ಲಿ ಇದೇ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಟಿಬೆಟಿನವರಿಗೆ ಜಮೀನು ಕೊಟ್ಟು ಕೂರಿಸಿತ್ತು. ಮಾಡಬೇಕು ಅನಿಸಿದರೆ ಆಗುತ್ತದೆ.

ಪಾಕಿಸ್ತಾನ ಇನ್ನೂ ಕೆಟ್ಟದ್ದು ಮಾಡುತ್ತಿದೆ. 2023ರ ಕೊನೆಯಿಂದ ಅಫ್ಘನ್ನರನ್ನು ಲಕ್ಷಗಟ್ಟಲೆ ಹೊರದಬ್ಬುತ್ತಿದೆ. ಆಮೇಲೆ ಇರಾನ್ ಕೂಡ. ಪೇಶಾವರದಲ್ಲೇ ಹುಟ್ಟಿ ಅಲ್ಲೇ ಎಂಟನೇ ಕ್ಲಾಸು ಓದುತ್ತಿದ್ದ ಹುಡುಗಿ ಟ್ರಕ್ಕಿನಲ್ಲಿ ಸಾಮಾನಿನ ಮೇಲೆ ಕೂತು ತೋರ್ಖಮ್ ಗಡಿ ದಾಟಿದರೆ ಅಲ್ಲಿಗೆ ಅವಳ ಓದು ಮುಗಿಯಿತು.

ಕಾಮೆಂಟಿನಲ್ಲಿ ಬರುವ ಒಂದು ಮಾತಿಗೆ ಮೊದಲೇ ಉತ್ತರ ಕೊಟ್ಟುಬಿಡುತ್ತೇನೆ. 'ಅವರ ಧರ್ಮವೇ ಹಾಗೆ.' ಹೈಸ್ಕೂಲಿನಿಂದ ಹುಡುಗಿಯರನ್ನು ಹೊರಗಿಟ್ಟ ದೇಶ ಇಡೀ ಪ್ರಪಂಚದಲ್ಲಿ ಅದೊಂದೇ. ಯೂನಿವರ್ಸಿಟಿ ಬಂದ್ ಮಾಡಿದಾಗ ಈಜಿಪ್ಟಿನ ಹೆಸರಾಂತ ಇಸ್ಲಾಮಿಕ್ ವಿದ್ಯಾಕೇಂದ್ರ ಅಲ್ ಅಜ್ಹರ್‌ನ ಹಿರಿಯ ಇಮಾಮರೇ ಇದು ಷರಿಯತ್‌ಗೆ ವಿರುದ್ಧ ಅಂದರು. ಅಷ್ಟು ದೂರ ಯಾಕೆ, ತಾಲಿಬಾನಿನ ಆಗಿನ ವಿದೇಶಾಂಗ ಉಪಮಂತ್ರಿ ಸ್ತಾನಿಕ್‌ಜಾಯ್, ನಮ್ಮ ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಯಲ್ಲಿ ತರಬೇತಿ ಪಡೆದವರು, 2025ರ ಜನವರಿಯಲ್ಲಿ ಬಹಿರಂಗ ಸಭೆಯಲ್ಲೇ ಹುಡುಗಿಯರ ಶಾಲೆ ಮುಚ್ಚಿದ್ದು ಅನ್ಯಾಯ ಅಂದರು. ಸ್ವಲ್ಪ ದಿನದಲ್ಲೇ ದೇಶ ಬಿಟ್ಟರು ಎಂದು ಸುದ್ದಿ ಬಂತು. ಧರ್ಮದ ತಲೆಮೇಲೆ ಹಾಕಿಬಿಟ್ಟರೆ ಕಂದಾಹಾರದಲ್ಲಿ ಕೂತು ಸಹಿ ಹಾಕುವವನ ಹೆಸರು ಮರೆಯಾಗುತ್ತದೆ. ಅವನ ಹೆಸರು ಹೈಬತುಲ್ಲಾ ಅಖುಂದ್‌ಜಾದಾ, ತಾಲಿಬಾನಿನ ಸರ್ವೋಚ್ಚ ನಾಯಕ. 2025ರ ಜುಲೈನಲ್ಲಿ ಅಂತಾರಾಷ್ಟ್ರೀಯ ಕ್ರಿಮಿನಲ್ ಕೋರ್ಟು ಅವನ ಮೇಲೆ ಬಂಧನದ ವಾರಂಟ್ ಹೊರಡಿಸಿದೆ.

ನಮ್ಮದೂ ಒಂದು ಪ್ರಸಂಗ ನೆನಪಿದೆಯಲ್ಲ? 2025ರ ಅಕ್ಟೋಬರ್, ತಾಲಿಬಾನ್ ವಿದೇಶಾಂಗ ಮಂತ್ರಿ ಮುತ್ತಕಿ ದೆಹಲಿಗೆ ಬಂದು ಪತ್ರಿಕಾಗೋಷ್ಠಿ ಮಾಡಿದರು. ಒಬ್ಬಳೂ ಪತ್ರಕರ್ತೆ ಒಳಗಿಲ್ಲ. ಗಲಾಟೆ ಆಯಿತು, ಎರಡು ದಿನ ಬಿಟ್ಟು ಇನ್ನೊಂದು ಗೋಷ್ಠಿ ಕರೆದು ಹೆಂಗಸರನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ನಮ್ಮ ಸಿಟ್ಟು ಅಲ್ಲಿಗೆ ಇಳಿಯಿತು. ದೆಹಲಿಯಲ್ಲಿ ಎರಡೇ ದಿನದಲ್ಲಿ ಕುರ್ಚಿ ಹಾಕಿಸಬಹುದಾದರೆ, ರಾಯಭಾರ ಕಚೇರಿ ತೆರೆಯುವ ಮಾತುಕತೆಯಲ್ಲಿ ಶಾಲೆಯ ವಿಷಯ ಗಟ್ಟಿಯಾಗಿ ಎತ್ತಬಹುದಿತ್ತಲ್ಲ ಎಂದು ನನಗೆ ಈಗಲೂ ಅನಿಸುತ್ತದೆ.

2024ರ ಆಗಸ್ಟ್‌ನಲ್ಲಿ ತಾಲಿಬಾನ್ ತಂದ 35 ಕಲಮುಗಳ ಕಾನೂನು ಹೆಣ್ಣಿನ ದನಿಯೂ ಮನೆಯಾಚೆ ಕೇಳಿಸಬಾರದು ಎನ್ನುತ್ತದೆ. ಅದು ಬಂದ ಮೇಲೆ ಅಫ್ಘನ್ ಹೆಂಗಸರು ಏನು ಮಾಡಿದರು ಗೊತ್ತೇ? ಮತ್ತೆ ಹಾಡಿದರು. ಹೊರದೇಶದಲ್ಲಿ ಇರುವವರು ಮುಖ ತೋರಿಸಿ, ಒಳಗಿರುವವರಲ್ಲಿ ಕೆಲವರು ಮೈಪೂರ್ತಿ ಮುಚ್ಚಿಕೊಂಡು. ಅದಕ್ಕೆ ಮೂರೂವರೆ ವರ್ಷ ಮೊದಲು ಹದಿಮೂರರ ನೀಲಾ ಕೂಡ ಹಿಡಿದಿದ್ದ ದಾರಿಯೇ. ಈ ಸಲ ಆದೇಶ ವಾಪಸ್ಸಾಗಲಿಲ್ಲ.

ಮೇಲಿನ ರೂಮಿನ ಹುಡುಗ ಈಗ ಇನ್ನೊಂದು ದೇಶದಲ್ಲಿದ್ದಾನೆ. ಮತ್ತೆ ಅರ್ಜಿ, ಮತ್ತೆ ಕಾಯುವುದು. ತಂಗಿ ಮನೆಯಲ್ಲೇ ಫೋನಿನಲ್ಲಿ ಆನ್‌ಲೈನ್ ಕ್ಲಾಸು ಕೇಳುತ್ತಾಳೆ, ಹಗಲು ಹೊಲಿಗೆ. 2025ರ ಸೆಪ್ಟೆಂಬರ್ ಕೊನೆಗೆ ತಾಲಿಬಾನ್ ಇಡೀ ದೇಶದ ಇಂಟರ್ನೆಟ್ಟನ್ನೇ ಎರಡು ದಿನ ತೆಗೆದುಬಿಟ್ಟಿತು. ಆ ಎರಡು ದಿನವೂ ಅವನು ನನಗೆ ಮೆಸೇಜ್ ಮಾಡುತ್ತಲೇ ಇದ್ದ, ನನ್ನ ಹತ್ತಿರ ಏನೋ ಸುದ್ದಿ ಇರುತ್ತದೆ ಎನ್ನುವ ಹಾಗೆ. ಮೂರನೇ ದಿನ ರಾತ್ರಿ ಒಂದು ಸ್ಕ್ರೀನ್‌ಶಾಟ್ ಕಳಿಸಿದ. ಲೈನ್ ಬಂದ ತಕ್ಷಣ ತಂಗಿ ಅಣ್ಣನಿಗೆ ಬರೆದ ಮೊದಲ ಮೆಸೇಜು. ಕೆಳಗೆ ಅವನೇ ಅರ್ಥ ಬರೆದಿದ್ದ: 'ನಾವು ಚೆನ್ನಾಗಿದ್ದೇವೆ. ಮಂಗಳವಾರದ ಬೀಜಗಣಿತ ತಪ್ಪಿಹೋಯಿತು, ಟೀಚರ್ ಹತ್ತಿರ ಕೇಳಿ ಕಳಿಸು.'