ಪಕ್ಕದ ಕುರ್ಚಿ

ಸಂಗೀತ ಕಚೇರಿಯಲ್ಲಿ ಹಾಡುವವರು ಅದೇ ಸಾಲನ್ನು ಹೊಸ ಥರ ತಿರುಗಿಸಿ ಒಂದು ಒಳ್ಳೆಯ ಸಂಗತಿ ಹಾಕಿದರು ಅಂತಿಟ್ಟುಕೊಳ್ಳಿ. ಆಗ ನಾವು ಮೊದಲು ಮಾಡುವ ಕೆಲಸ ಪಕ್ಕಕ್ಕೆ ತಿರುಗುವುದು. ಪಕ್ಕದಲ್ಲಿ ಕೂತವರು ಯಾರೋ, ಯಾವ ಬಡಾವಣೆಯವರೋ ಗೊತ್ತಿರುವುದಿಲ್ಲ. ಆದರೂ ಅವರ ತಲೆ ಆಡುತ್ತಿದೆಯಾ ಅಂತ ನೋಡುತ್ತೇವೆ. ಅವರೂ ಅದೇ ಹೊತ್ತಿಗೆ ನಮ್ಮ ಕಡೆ ತಿರುಗಿದ್ದರೆ ಮುಗಿಯಿತು, ಅರ್ಧ ಸೆಕೆಂಡಿನ ನಂಟಸ್ತನ. ನಮ್ಮ ಮೈಸೂರಿನ ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸಿನಲ್ಲಿ ಗಣೇಶನ ಹಬ್ಬಕ್ಕೆ ರಸ್ತೆಯಲ್ಲೇ ಪೆಂಡಾಲ್ ಹಾಕಿ ಕಚೇರಿ ನಡೆಸುತ್ತಾರಲ್ಲ, ಅಲ್ಲಿ ಇಂಥ ನಂಟುಗಳು ಸಂಜೆಗೆ ಹತ್ತಾರು ಹುಟ್ಟುತ್ತವೆ. ಮಂಗಳ ಹಾಡಿ, ಜನ ಚಪ್ಪಲಿ ಹುಡುಕುವ ಹೊತ್ತಿಗೆ ಮುಗಿದೂ ಹೋಗುತ್ತವೆ.

ಮನೆಯಲ್ಲಿ ಕೂತು ರೆಕಾರ್ಡಿಂಗ್ ಕೇಳುವವರಿಗೆ ಈ ಭಾಗ್ಯ ಇಲ್ಲ. ಗಾಯಕ ಮಧುರೆ ಮಣಿ ಅಯ್ಯರ್ ಸ್ವರ ಹಾಕುತ್ತಾ ಹಾಕುತ್ತಾ, ಇನ್ನೇನು ದಾರಿ ತಪ್ಪಿತು ಅನ್ನುವಾಗ ಸರಿಯಾಗಿ ಎತ್ತುಗಡೆಗೆ, ಅಂದರೆ ತಾಳದಲ್ಲಿ ಹಾಡಿನ ಸಾಲು ಶುರುವಾಗುವ ಜಾಗಕ್ಕೆ, ಬಂದು ನಿಲ್ಲುತ್ತಾರೆ. ನನ್ನ ಬಾಯಿಂದ "ಭಲೆ" ಅಂತ ಬಂದೇಬಿಡುತ್ತದೆ. ಪೇಪರಿನ ಹಿಂದಿನಿಂದ ಯಜಮಾನರು "ಏನಂದೆ?" ಅನ್ನುತ್ತಾರೆ. "ಏನಿಲ್ಲ" ಅನ್ನಬೇಕು. ಮಣಿ ಅಯ್ಯರ್ ತೀರಿಕೊಂಡಿದ್ದು 1968ರಲ್ಲಿ. ನನ್ನ ಭಲೆ ಅವರಿಗೂ ತಲುಪಲಿಲ್ಲ, ಮನೆಯವರಿಗೂ ಬೇಕಾಗಲಿಲ್ಲ.

ಹೀಗೆ ಮಿಕ್ಕಿದ ಭಲೆಗಳನ್ನು ಎತ್ತಿಕೊಂಡು ನಾವು ಕೆಲವರು ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಸೇರುತ್ತೇವೆ. ಹೆಸರಿಗೆ ವಾಕಿಂಗ್. ಡಾಕ್ಟರ್ ಹೇಳಿದ ಸ್ಪೀಡಿನಲ್ಲಿ ನಡೆಯುವವರು ಯಾರೂ ಇಲ್ಲ, ಏಕೆಂದರೆ ಮಾತು ಕಾವೇರಿದಾಗ ಎಲ್ಲರೂ ನಿಂತುಬಿಡುತ್ತೇವೆ. ಬೇರೆಯವರು ಸಿಕ್ಕಾಗ "ತಿಂಡಿ ಆಯ್ತಾ?" ಅಂತ ಕೇಳುತ್ತಾರೆ. ನಮ್ಮಲ್ಲಿ "ನಿನ್ನೆ ಏನು ಕೇಳಿದ್ರಿ?" ಬರಲಾಗದವರು ಫೋನಿನಲ್ಲಿ ಹಾಜರಿ ಹಾಕುತ್ತಾರೆ. ಫಿಸಿಕ್ಸ್ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು, ಚಿಕ್ಕಂದಿನಲ್ಲಿ ವೀಣೆ ಕಲಿತ ಸರಸ್ವತೀಪುರದ ಅಜ್ಜಿ, ಕಂಪ್ಯೂಟರ್ ಕಂಪನಿಯ ಒಬ್ಬ ಹುಡುಗ, ಮಂಡ್ಯ ಜಿಲ್ಲೆಯ ಪಾಂಡವಪುರದ ಕಡೆಯ ಒಬ್ಬ ಗೌಡರು. ಗೌಡರದ್ದು ಕಬ್ಬಿನ ಬೇಸಾಯ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಬರುವುದು ರಾತ್ರಿ. ಮೋಟಾರ್ ಹಾಕಿ, ಅಂಗಿ ಜೇಬಿನಲ್ಲಿ ಫೋನಿಟ್ಟುಕೊಂಡು, ಬದುವಿನ ಮೇಲೆ ಕೂತು ಅವರು ಟಿ.ಆರ್. ಮಹಾಲಿಂಗಂ ಅವರ ಕೊಳಲು ಕೇಳುತ್ತಾರೆ. ನಮ್ಮ ಪೈಕಿ ಅತ್ಯಂತ ಏಕಾಗ್ರತೆಯಿಂದ ಕೇಳುವವರು ಅವರೇ ಅಂತ ನನ್ನ ಗುಮಾನಿ. ಅವರಿಗೆ ಕಾಲಿಂಗ್ ಬೆಲ್ ಇಲ್ಲ, ಹಾಲಿನವನಿಲ್ಲ.

ಕೇಳಿದ್ದನ್ನು ಇನ್ನೊಬ್ಬರಿಗೆ ಕೇಳಿಸುವ ಚಟ ಈ ಊರಿಗೆ ಹೊಸದಲ್ಲ. 1935ರಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರುಮಾಡಿದ ಊರು ಇದು. ಆಕಾಶವಾಣಿ ಅನ್ನುವ ಹೆಸರು ಬೆಳೆದದ್ದು ಅಲ್ಲಿಂದ. ಇನ್ನು ಜಯಚಾಮರಾಜೇಂದ್ರ ಒಡೆಯರ್ ಅವರಂತೂ ಇನ್ನೂ ಮುಂದೆ ಹೋದರು. ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಅನ್ನುವ ರಷ್ಯನ್ ಸಂಯೋಜಕರ ಸಂಗೀತ ಅವರಿಗೆ ಬಹಳ ಹಿಡಿಸಿತ್ತು. ಹಿಡಿಸಿದರೆ ನಾವಾದರೆ ಏನು ಮಾಡುತ್ತೇವೆ, ನಾಲ್ಕು ಜನಕ್ಕೆ ಹೇಳುತ್ತೇವೆ. ಅವರು ದುಡ್ಡು ಕೊಟ್ಟು, 1940ರ ದಶಕದ ಕೊನೆಗೆ, ಸ್ವತಃ ಮೆಟ್ನರ್ ಕೈಯಲ್ಲೇ ಪಿಯಾನೊ ನುಡಿಸಿ ರೆಕಾರ್ಡು ಮಾಡಿಸಿದರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಾನ್ಚೆರ್ಟೊವನ್ನು, ಅಂದರೆ ಪಿಯಾನೊಗೂ ವಾದ್ಯವೃಂದಕ್ಕೂ ಸೇರಿಸಿ ಬರೆದ ಕೃತಿಯನ್ನು, ಮೈಸೂರು ಮಹಾರಾಜರಿಗೆ ಅರ್ಪಿಸಿದ್ದಾರೆ. ಕಂಪ್ಯೂಟರ್ ಹುಡುಗ ಅದನ್ನು ಹುಡುಕಿ ಎಲ್ಲರಿಗೂ ಕಳಿಸಿದ. ನನಗೆ ಅಷ್ಟಾಗಿ ಹತ್ತಲಿಲ್ಲ, ಸುಳ್ಳು ಯಾಕೆ ಹೇಳಲಿ. ಅರಸರೇ ರಚಿಸಿದ ಕೃತಿಗಳನ್ನು ಕೊಟ್ಟರೆ ಎಷ್ಟು ಹೊತ್ತು ಬೇಕಾದರೂ ಕೇಳುತ್ತೇನೆ.

ನಮ್ಮ ಗುಂಪಿನ ದೊಡ್ಡ ಆಸ್ತಿ ಅಂದರೆ ಮೇಷ್ಟ್ರ ಒಂದು ಕ್ಯಾಸೆಟ್. ಅದರಲ್ಲಿ ವಿ. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಇದೆ, ರೇಡಿಯೊದಿಂದ ಇಳಿಸಿಕೊಂಡದ್ದು. ಅರವತ್ತು ನಿಮಿಷದ ಕ್ಯಾಸೆಟ್, ಒಂದು ಕಡೆಗೆ ಮೂವತ್ತೇ ನಿಮಿಷ. ತಾಳವಿಲ್ಲದೆ ಕಲ್ಯಾಣಿ ರಾಗ ಬಿಡಿಸುವ ಆಲಾಪನೆ ಮೇಲಿನ ಷಡ್ಜ ಮುಟ್ಟಿ, ಅಲ್ಲೇ ಸ್ವಲ್ಪ ನಿಂತು, ಇಳಿಯುವುದಕ್ಕೆ ಶುರುವಾಗುತ್ತದೆ. ಟಕ್! ಟೇಪ್ ಮುಗಿಯಿತು. ಮೇಷ್ಟ್ರು ಓಡಿ ಬಂದು ಕ್ಯಾಸೆಟ್ ತಿರುಗಿಸಿ ಹಾಕುವಷ್ಟರಲ್ಲಿ ಅಯ್ಯಂಗಾರ್ಯರು ಆಲಾಪನೆ ಮುಗಿಸಿ ಮುಂದಿನ ಭಾಗವಾದ ತಾನಕ್ಕೆ ಬಂದುಬಿಟ್ಟಿದ್ದರು. ಅಲ್ಲಿಂದ ಮುಂದೆ ಮೇಷ್ಟ್ರ ಪಾಲಿಗೆ ಕಲ್ಯಾಣಿ ಅಂದರೆ ಏರಿದ್ದು ಇಳಿಯದೇ ಉಳಿದ ರಾಗ.

ಒಂದು ದಿನ ಕೆರೆ ಏರಿಯ ಮೇಲೆ ಈ ಸಂಕಟ ತೋಡಿಕೊಳ್ಳುತ್ತಿದ್ದರು. ಅಜ್ಜಿ ಸುಮ್ನೆ ಕೇಳುತ್ತಾ ಬಂದವರು, "ಪಲ್ಲವಿ ಆದ್ಮೇಲೆ ಒಂದು ದೇವರನಾಮ ನುಡಿಸಿದಾರಾ ನೋಡಿ?" ಅಂದರು. ಹೌದು. "ಹಾಗಾದ್ರೆ ಅದು ನಮ್ಮನೇಲೂ ಇದೆ." ಅಜ್ಜಿಯದ್ದು ತೊಂಬತ್ತು ನಿಮಿಷದ ಕ್ಯಾಸೆಟ್! ಆಲಾಪನೆ ಒಂದೇ ಕಡೆ ಪೂರ್ತಿ ಬಂದಿದೆ. ಆದರೆ ಅವರ ಮನೆಯಲ್ಲಿ ರೇಡಿಯೊಗೂ ಟೇಪ್‌ರೆಕಾರ್ಡರ್‌ಗೂ ವೈರ್ ಸಂಬಂಧ ಇರಲಿಲ್ಲ. ರೇಡಿಯೊ ಮುಂದೆ ಟೇಪ್‌ರೆಕಾರ್ಡರ್ ಇಟ್ಟು, ಎಲ್ಲರಿಗೂ ಉಸಿರು ಬಿಡಬೇಡಿ ಅಂತ ಹೇಳಿ ರೆಕಾರ್ಡ್ ಮಾಡಿದ್ದು. ಮನುಷ್ಯರು ಮಾತು ಕೇಳಿದ್ದಾರೆ, ಕುಕ್ಕರ್ ಕೇಳಿಲ್ಲ. ವೀಣೆ ಇಳಿಯುವ ಜಾಗದಲ್ಲೇ ಉದ್ದಕ್ಕೆ ಒಂದು ವಿಷಲ್. ಆಮೇಲೆ ಯಾರೋ ಓಡುವ ಹೆಜ್ಜೆ ಸಪ್ಪಳ. ಆಮೇಲೆ ವೀಣೆ, ಏನೂ ಆಗಿಲ್ಲವೆಂಬಂತೆ, ಗಾಂಧಾರದ ಮೇಲೆ ಬಂದು ಕೂರುತ್ತದೆ.

ಹುಡುಗ ಎರಡನ್ನೂ ಕಂಪ್ಯೂಟರಿಗೆ ಹಾಕಿ ಸೇರಿಸಲು ಹೋದ. ಬೆಸುಗೆ ಬೀಳುವ ಜಾಗದಲ್ಲಿ ವೀಣೆಯ ಶ್ರುತಿ ಇದ್ದಕ್ಕಿದ್ದ ಹಾಗೆ ಮೇಲೆ ಹಾರಿತು. ಒಬ್ಬರ ಮನೆಯ ಟೇಪ್‌ರೆಕಾರ್ಡರ್ ಓಡಿದ ವೇಗ ಇನ್ನೊಬ್ಬರ ಮನೆಯದಕ್ಕೆ ಸರಿಹೊಂದಿಲ್ಲ. ರೆಕಾರ್ಡ್ ಮಾಡುವಾಗ ಮೋಟಾರ್ ನಿಧಾನವಾಗಿದ್ದು, ಕೇಳಿಸುವಾಗ ಸರಿಯಾಗಿ ಓಡಿದರೆ ವೇಗವೂ ಜಾಸ್ತಿ, ಶ್ರುತಿಯೂ ಜಾಸ್ತಿ. ಮೇಷ್ಟ್ರು ಇದನ್ನು ಕಡ್ಡಿ ಹಿಡಿದು ನೆಲದ ಮೇಲೆ ಗೀಚಿ ವಿವರಿಸಿದರು, ಕೆರೆಗೆ ಬಂದ ಬೇರೆ ಜನವೂ ನಿಂತು ನೋಡಿದರು. ನಿಮಿಷಕ್ಕೆ 78 ಸುತ್ತು ತಿರುಗಬೇಕಾದ ಹಳೆಯ ಗ್ರಾಮಫೋನ್ ತಟ್ಟೆಗಳದ್ದೂ ಇದೇ ಪಾಡು, ಎಲ್ಲವೂ ಕರಾರುವಾಕ್ಕಾಗಿ 78ರಲ್ಲೇ ಓಡುತ್ತಿರಲಿಲ್ಲ. ಇಂಥವರ ಶ್ರುತಿ ಎಷ್ಟು ಎತ್ತರ ಇತ್ತು ಗೊತ್ತಾ ಅಂತ ಹಳೆಯ ತಟ್ಟೆ ಕೇಳಿ ಬೀಗುವವರು ಸ್ವಲ್ಪ ಹುಷಾರಾಗಿರಬೇಕು. ಅಂತೂ ಹುಡುಗ ಶ್ರುತಿ ಸರಿಮಾಡಿದ. ವಿಷಲ್ಲನ್ನೂ ಅಳಿಸಲಾ ಅಂತ ಕೇಳಿದ. ಬೇಡ ಅಂತ ಮೇಷ್ಟ್ರೇ ಅಂದರು. ಅಜ್ಜಿಗೆ ಮಾತ್ರ ಇವತ್ತಿಗೂ ನಾಚಿಕೆ. "ಅದು ಬೇಳೆ, ಇನ್ನೊಂದು ಕೂಗು ಬಾಕಿ ಇತ್ತು" ಅನ್ನುತ್ತಾರೆ.

ರೆಕಾರ್ಡಿಂಗ್ ಮಾತು ಬಂದಾಗ ಗೌಹರ್ ಜಾನ್ ಬಗ್ಗೆ ಹೇಳದಿದ್ದರೆ ಹೇಗೆ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದವರು. ಒಂದು ತಟ್ಟೆಗೆ ಸುಮಾರು ಮೂರು ನಿಮಿಷ. ಅಷ್ಟರಲ್ಲಿ ಖಯಾಲೋ ಠುಮ್ರಿಯೋ ಮುಗಿಸಿ, ಕೊನೆಗೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಬೇಕು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ, ಅಲ್ಲಿಯವರಿಗೆ ಇದು ಯಾರ ಹಾಡು ಅಂತ ಗೊತ್ತಾಗಬೇಕಲ್ಲ, ಅದಕ್ಕೆ. ಅಷ್ಟು ದೊಡ್ಡ ಹೆಸರಿನ ಆ ಹೆಂಗಸು ಕೊನೆಗಾಲಕ್ಕೆ ಬಂದದ್ದು ನಮ್ಮೂರಿಗೆ. 1928ರಲ್ಲಿ ನಾಲ್ವಡಿಯವರ ಆಸ್ಥಾನಕ್ಕೆ ಸೇರಿದರು, 1930ರ ಜನವರಿಯಲ್ಲಿ ಕೆ.ಆರ್. ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಆಸ್ಪತ್ರೆ ಮುಂದೆ ನಾವು ಎಷ್ಟು ಸಲ ಆಟೋದಲ್ಲಿ ಹೋಗಿಲ್ಲ! ಅವರ ತಟ್ಟೆ ಕೇಳುವಾಗ ನನಗೆ ಹಾಡಿಗಿಂತ ಆ ಕೂಗು ಜಾಸ್ತಿ ತಟ್ಟುತ್ತದೆ. ರೆಕಾರ್ಡಿಂಗ್ ಯಂತ್ರದ ಕೊಳವೆಯೊಳಗೆ ಮುಖ ಹಾಕಿ ಹಾಡುವಾಗ ಪಕ್ಕದಲ್ಲಿ ತಲೆದೂಗುವವರು ಎಷ್ಟು ಜನ ಇದ್ದಿರಬಹುದು? ಮೈಸೂರಿನ ಅಜ್ಜಿಯೊಬ್ಬರು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಅದಕ್ಕೆ "ಶಹಭಾಸ್" ಅಂದದ್ದನ್ನು ನಾನೇ ನೋಡಿದ್ದೇನೆ.

ಹಂಚಿಕೊಳ್ಳುವುದರಲ್ಲೂ ಒಂದು ರೀತಿ ನೀತಿ ಬೇಕು. ಮೂರು ಗಂಟೆಯ ಕಚೇರಿಯ ಲಿಂಕ್ ಕಳಿಸಿ "ಕೇಳಿ, ಅದ್ಭುತ" ಅಂದರೆ ಯಾರೂ ಕೇಳುವುದಿಲ್ಲ. ಕೈಮುಗಿದ ಚಿತ್ರವೊಂದು ವಾಪಸು ಬರುತ್ತದೆ, ಅಷ್ಟೆ. ಆ ಕೈಮುಗಿದ ಚಿತ್ರದ ಅರ್ಥ ನನಗೆ ಚೆನ್ನಾಗಿ ಗೊತ್ತು: ನೋಡಿದೆ, ಕೇಳಲಿಲ್ಲ, ಮುಂದೆಯೂ ಕೇಳುವುದಿಲ್ಲ. ಮೇಷ್ಟ್ರ ಪದ್ಧತಿ ಒಳ್ಳೆಯದು. "ಹನ್ನೆರಡನೇ ನಿಮಿಷದಿಂದ ಒಂದೇ ಒಂದು ನಿಮಿಷ ಕೇಳಿ, ಪಿಟೀಲಿನವರು ಏನು ಮಾಡ್ತಾರೆ ನೋಡಿ" ಅಂತ ಬರೆಯುತ್ತಾರೆ. ಒಂದು ನಿಮಿಷ ಅಂತ ಹೋದವರು ಅರ್ಧ ಗಂಟೆ ಅಲ್ಲೇ ಇರುತ್ತೇವೆ. ಇನ್ನೊಂದು ಜಾತಿಯವರಿದ್ದಾರೆ. ನೀವು ಯಾವ ರೆಕಾರ್ಡಿಂಗ್ ಹೇಳಿದರೂ "ಅದಕ್ಕಿಂತ ಅವರ 1965ರದ್ದು ಕೇಳಬೇಕು" ಅನ್ನುವವರು. ಕಳಿಸಿ ಅಂದರೆ ಯಾರದೋ ಮನೆಯಲ್ಲಿದೆ ಅನ್ನುತ್ತಾರೆ. ಅವರ ಜೊತೆ ವಾದ ಬೇಡ.

ವಾದ ಮಾಡಲು ಆರಭಿ, ದೇವಗಾಂಧಾರಿ ರಾಗಗಳು ಇದ್ದೇ ಇವೆ. ಎರಡಕ್ಕೂ ಹತ್ತುವ ಇಳಿಯುವ ಸ್ವರಗಳು ಅವೇ. ಹಾಡುವ ನಡೆ ಬೇರೆ, ಸ್ವರಗಳನ್ನು ಆಡಿಸುವ ಗಮಕ ಬೇರೆ. ಅಜ್ಜಿ ಮೊದಲ ಎಳೆತಕ್ಕೇ ಹೇಳಿಬಿಡುತ್ತಾರೆ. ಮೇಷ್ಟ್ರು ಸ್ವರ ಬರೆದುಕೊಂಡು ಕೂರುತ್ತಾರೆ, ಬರೆದ ಮೇಲೆ ಅಜ್ಜಿ ಹೇಳಿದ್ದೇ ಸರಿ ಅಂತ ಒಪ್ಪಲು ಎರಡು ದಿನ ತೆಗೆದುಕೊಳ್ಳುತ್ತಾರೆ.

ನನ್ನ ತಕರಾರು ಒಂದೇ, ಫೋನಿನ ಸ್ಪೀಕರ್ ಬಗ್ಗೆ. ಮೃದಂಗದ ಎಡಭಾಗ ಅದರಲ್ಲಿ ಇಲ್ಲವೇ ಇಲ್ಲ. ಎಡಗೈಯ ಗುಂಯ್ ಅನ್ನುವ ಗುಮುಕಿ ಎಲ್ಲ ಮಾಯ, ಬಲಗೈಯ ಟಕಟಕ ಮಾತ್ರ ಉಳಿಯುತ್ತದೆ. ಗಾಯಕ ಎಂ.ಡಿ. ರಾಮನಾಥನ್ ಮಂದ್ರಕ್ಕೆ, ಅಂದರೆ ತಗ್ಗಿನ ಸ್ವರಗಳಿಗೆ, ಇಳಿದರೆ ಅವರು ಎದ್ದುಹೋದರೇನೋ ಅನ್ನಿಸಬೇಕು. ನಮ್ಮ ಟಿ. ಚೌಡಯ್ಯನವರು ಮೈಕಿಲ್ಲದ ಸಭೆಗಳಲ್ಲಿ ಹಿಂದಿನ ಸಾಲಿನವರಿಗೂ ಕೇಳಲಿ ಅಂತ ಪಿಟೀಲಿಗೆ ಏಳು ತಂತಿ ಹಾಕಿಕೊಂಡರು. ಅವರ ಆ ನಾದವನ್ನು ಚಟ್ನಿ ಪುಡಿ ಡಬ್ಬಕ್ಕೆ ಒರಗಿಸಿಟ್ಟ ಫೋನಿನಿಂದ ಕೇಳುವುದು ಅನ್ಯಾಯ ಅಲ್ವಾ? ಆದರೂ ಕೇಳುತ್ತೇನೆ. ಕೆಲಸ ಮುಗಿಸಿ, ಸ್ನಾನ ಮಾಡಿ, ಕೂತು ಕೇಳೋಣ ಅಂತ ಇಟ್ಟುಕೊಂಡ ಕಚೇರಿಗಳೆಲ್ಲ ಹಾಗೇ ಉಳಿದಿವೆ. ಒಗ್ಗರಣೆ ಹಾಕುತ್ತಾ ಕೇಳಿದವೇ ತಲೆಯಲ್ಲಿ ಕೂತಿವೆ.

ಹೋದ ವಾರ ಗೌಡರಿಂದ ಸುದ್ದಿಯೇ ಇರಲಿಲ್ಲ. ಕೊನೆಗೆ ಮೇಷ್ಟ್ರು ಫೋನ್ ಮಾಡಿ ಸ್ಪೀಕರ್ ಹಾಕಿದರು. ಕರೆಂಟ್ ಪಾಳಿ ಬದಲಾಗಿದೆಯಂತೆ, ಈಗ ಹಗಲು ಹೊತ್ತೇ ಕೊಡುತ್ತಿದ್ದಾರಂತೆ. ಊರಿನವರಿಗೆಲ್ಲ ಖುಷಿ, ರಾತ್ರಿ ನಿದ್ದೆ ಕೆಡುವ ಹಾಗಿಲ್ಲ, ಹಾವು ಹುಳದ ಭಯ ಇಲ್ಲ. ಗೌಡರು ಮಾತ್ರ ಸಪ್ಪಗಿದ್ದರು. ಸಂತೋಷ ಅನ್ನಬೇಕೋ ಪಾಪ ಅನ್ನಬೇಕೋ ನಮಗೂ ತಿಳಿಯಲಿಲ್ಲ.

"ಹಗಲಾದ್ರೆ ಹಗಲಿನ ರಾಗ ಕಳಿಸ್ತೀನಿ ಬಿಡಿ. ಬೃಂದಾವನಿ ಸಾರಂಗ ಇದೆ, ಮಧ್ಯಾಹ್ನಕ್ಕೇ ಇರೋದು" ಅಂದರು ಮೇಷ್ಟ್ರು.

"ಕಳ್ಸಿ ಮೇಷ್ಟ್ರೇ, ಅದ್ಕೇನಂತೆ. ಆದ್ರೆ ಪಕ್ಕದ ಗದ್ದೆಯೋನು ಜೋರಾಗಿ ಸಿನಿಮಾ ಹಾಡು ಹಾಕ್ಕಂಡು ಕುಂತಿರ್ತಾನೆ. ಒಂದಪ ನೀವೇ ಬಂದು ಅವನ್ಗೂ ಈ ಕೊಳಲು ಹಿಡಿಸಿ ನೋಡವಾ."

ಭಾನುವಾರ ಹೋಗುವುದು ಅಂತ ಆಗಿದೆ. ಅಜ್ಜಿ ಸ್ಪೀಕರ್ ತರುತ್ತಾರಂತೆ.