57 ಕೆಜಿ ಹುಡುಗಿ, 20 ಅಡಿ ಫ್ಲೆಕ್ಸ್

ನಮ್ಮ ಬೀದಿಯ ಅಣ್ಣನಿಗೆ ಬಾಕ್ಸಿಂಗ್ ಮೇಲೆ ಪ್ರೀತಿ ಹುಟ್ಟಿದ್ದು 2025ರ ಸೆಪ್ಟೆಂಬರ್ 14ರ ಭಾನುವಾರ ಸಂಜೆ, ಎರಡನೇ ಬೈ ಟು ಕಾಫಿ ಮುಗಿಯುವ ಹೊತ್ತಿಗೆ. ಮೊದಲನೇ ಕಾಫಿಯವರೆಗೂ ಅವರಿಗೆ ಕ್ರಿಕೆಟ್ ಬಿಟ್ಟು ಬೇರೆ ಆಟ ಇರುವ ವಿಷಯವೇ ಗೊತ್ತಿರಲಿಲ್ಲ.

ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ವಿಶ್ವ ಬಾಕ್ಸಿಂಗ್ ಚಾಂಪಿಯನ್‌ಶಿಪ್ ನಡೆದಿತ್ತು. ನಮ್ಮ ದೇಶದ ಹುಡುಗಿಯರು ನಾಲ್ಕು ಪದಕ ಗೆದ್ದಿದ್ದರು. 57 ಕೆಜಿ ತೂಕದ ವಿಭಾಗದಲ್ಲಿ ಜೈಸ್ಮಿನ್ ಲಂಬೋರಿಯಾ, 48 ಕೆಜಿಯಲ್ಲಿ ಮೀನಾಕ್ಷಿ ಹೂಡಾ, ಇಬ್ಬರಿಗೂ ಚಿನ್ನ. ನೂಪುರ್ ಶಿಯೋರಾನ್‌ಗೆ ಬೆಳ್ಳಿ, ಪೂಜಾ ರಾಣಿಗೆ ಕಂಚು. ಹತ್ತು ಜನ ಗಂಡಸರೂ ಹೋಗಿದ್ದರು. ಬರಿಗೈಲಿ ಬಂದರು. ಆ ವಿಷಯ ಇಲ್ಲಿಗೇ ಬಿಡೋಣ, ಪಾಪ.

ಅಣ್ಣ ಕೇಳಿದ ಮೊದಲ ಪ್ರಶ್ನೆ: "ಇವರಲ್ಲಿ ನಮ್ಮವರು ಯಾರು?"

ನಾಲ್ವರೂ ಹರಿಯಾಣದವರು, ಅದರಲ್ಲಿ ಮೂವರು ಭಿವಾನಿಯವರು ಅಂದೆ.

"ಭಿವಾನಿ ಅಂದ್ರೆ ಬೀದರ್ ಹತ್ರಾನಾ?"

ಅಲ್ಲ ಅಂದಾಗ ಅಣ್ಣನ ಮುಖ ಸಪ್ಪಗಾಯಿತು. ಆದರೆ ಮೀನಾಕ್ಷಿಯ ಅಪ್ಪ ಆಟೋ ಓಡಿಸುತ್ತಾರೆ ಅಂತ ಪಕ್ಕದಲ್ಲಿದ್ದ ಹುಡುಗ ಮೊಬೈಲ್ ನೋಡಿ ಹೇಳಿದ ತಕ್ಷಣ ಕಳೆ ಬಂತು. "ಆಟೋ ಅಂದ್ರೆ ಶಂಕರ್‌ನಾಗ್. ಶಂಕರ್‌ನಾಗ್ ಅಂದ್ರೆ ಬೆಂಗಳೂರು. ಆಯ್ತಲ್ಲ, ನಮ್ಮ ಹುಡುಗಿನೇ!"

ಸನ್ಮಾನ ಮಾಡುವುದು ಅಂತ ಅಲ್ಲೇ ತೀರ್ಮಾನವಾಯಿತು. ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಆದರೆ ಚಾಂಪಿಯನ್‌ಗಳು ಹರಿಯಾಣದಿಂದ ನಮ್ಮ ಮೂರನೇ ಮೇನ್‌ಗೆ ಬರುತ್ತಾರಾ? "ಅವರು ಬರದಿದ್ರೂ ಪರವಾಗಿಲ್ಲ, ಸನ್ಮಾನ ನಿಲ್ಬಾರ್ದು" ಅಂದರು ಅಣ್ಣ. ಅವರ ಪರವಾಗಿ ಶಾಲು, ಪೇಟ ಯಾರು ಸ್ವೀಕರಿಸುವುದು ಅನ್ನುವುದಕ್ಕೆ ಹೆಚ್ಚು ಚರ್ಚೆ ಆಗಲಿಲ್ಲ. ಅಣ್ಣನ ತಲೆಯ ಅಳತೆ ಪೇಟದ ಅಂಗಡಿಯವನಿಗೆ ಮೊದಲೇ ಗೊತ್ತು.

ನನ್ನ ಕೆಲಸ ಫ್ಲೆಕ್ಸ್‌ಗೆ ಬರಹ ಬರೆದುಕೊಡುವುದು. ನಮ್ಮ ಬೀದಿಯಲ್ಲಿ ಒತ್ತಕ್ಷರ ಸರಿಯಾಗಿ ಬರೆಯುವವನು ನಾನೊಬ್ಬನೇ ಅನ್ನುವ ಅಪವಾದ ನನ್ನ ಮೇಲಿದೆ. 2018ರಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ಬೆಂಗಳೂರಲ್ಲಿ ಫ್ಲೆಕ್ಸ್‌ಗೆ ನಿಷೇಧ ಇದೆಯಲ್ಲ ಅಣ್ಣ ಅಂದೆ. "ಅದಕ್ಕೇ ರಾತ್ರಿ ಕಟ್ಟೋದು" ಅಂದರು.

ಬಾಕ್ಸಿಂಗ್‌ನಲ್ಲಿ ತೂಕದ ಲೆಕ್ಕ ಬಲು ಬಿಗಿ. ನೂರು ಗ್ರಾಂ ಜಾಸ್ತಿ ಇದ್ದರೂ ರಿಂಗ್‌ನಿಂದ ಹೊರಗೆ. ಫ್ಲೆಕ್ಸ್‌ಗೂ ತೂಕದ ಲೆಕ್ಕ ಇದೆ, ಸ್ವಲ್ಪ ಉಲ್ಟಾ. ಭಾರ ಜಾಸ್ತಿ ಇದ್ದಷ್ಟೂ ಮಧ್ಯಕ್ಕೆ ಬರುತ್ತಾರೆ. 80 ಪ್ಲಸ್ ವಿಭಾಗದಲ್ಲಿ ಶಾಸಕರು, ಕೈ ಮುಗಿದುಕೊಂಡು. ಅವರ ಪಕ್ಕ ಮಾಜಿ ಕಾರ್ಪೊರೇಟರ್, ಕೂಲಿಂಗ್ ಗ್ಲಾಸ್ ಹಾಕಿಕೊಂಡು. ಆಮೇಲೆ ಅಣ್ಣ, ಕಿವಿಗೆ ಫೋನ್ ಹಿಡಿದು ಯಾರದೋ ಕಷ್ಟ ಕೇಳುತ್ತಿರುವ ಭಂಗಿಯಲ್ಲಿ. ಕೆಳಗೆ ಹಗುರ ತೂಕದ ಫ್ಲೈವೇಟ್ ಹುಡುಗರು, ಸ್ಟಾಂಪ್ ಸೈಜಿನಲ್ಲಿ ಮೂವತ್ತೆರಡು ಮುಖ. ಇಷ್ಟೆಲ್ಲ ಕೂರಿಸಿದ ಮೇಲೆ ಎಡಗಡೆ ಮೂಲೆಯಲ್ಲಿ ಒಂದು ಅಂಗೈಯಗಲ ಜಾಗ ಉಳಿಯಿತು. ಅದು ವಿಶ್ವ ಚಾಂಪಿಯನ್‌ಗೆ.

ಅಣ್ಣನ ಹೆಸರಿನ ಕೆಳಗೆ "ಭಾವಿ ಕಾರ್ಪೊರೇಟರ್" ಅಂತ ಬರೆಯಬೇಕಿತ್ತು. ಪಾಲಿಕೆಯ ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ಚುನಾವಣೆಯೇ ಆಗಿರಲಿಲ್ಲ. ಐದು ವರ್ಷದಿಂದ ಅಣ್ಣ ಭಾವಿಯಾಗಿಯೇ ಇದ್ದರು. ಅಷ್ಟು ದಿನ ವಾರ್ಮ್‌ಅಪ್ ಮಾಡಿದ ಬಾಕ್ಸರ್ ಜಗತ್ತಿನಲ್ಲಿ ಇನ್ನೊಬ್ಬ ಇಲ್ಲ. ಇದನ್ನ ಅಮೆಚೂರ್ ಬಾಕ್ಸಿಂಗ್ ಅಂತಾರಲ್ಲ, ಅಮೆಚೂರ್ ಅಂದ್ರೇನು ಅಂತ ಅಣ್ಣ ಕೇಳಿದರು. ದುಡ್ಡಿನ ಆಸೆ ಇಲ್ಲದೆ ಆಡುವವರು ಅಂದೆ. ತುಂಬ ಹೊತ್ತು ಸುಮ್ಮನಿದ್ದು, "ನಾನೂ ಅದೇ ಅಲ್ವಾ?" ಅಂದರು.

"ವಾರ್ಡ್ ನಂಬರ್ ಎಷ್ಟು ಹಾಕಲಿ?" ಅಂದೆ. ಯಾರಿಗೂ ಗೊತ್ತಿಲ್ಲ. ಸೆಪ್ಟೆಂಬರ್ 2ಕ್ಕೆ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿತ್ತು, ಒಂದು ಪಾಲಿಕೆ ಐದಾಗಿತ್ತು. ಹೊಸ ವಾರ್ಡ್‌ಗಳು ಆಗ ಇನ್ನೂ ಆಗಿರಲಿಲ್ಲ. ನಂಬರ್ ಜಾಗ ಖಾಲಿ ಬಿಟ್ಟೆವು. ಬಾಕ್ಸಿಂಗ್‌ನಲ್ಲೂ ಹೀಗೇ ಆಗಿದೆ, ಹಳೆಯ ಅಂತರರಾಷ್ಟ್ರೀಯ ಸಂಸ್ಥೆಯ ಮಾನ್ಯತೆಯನ್ನು ಒಲಿಂಪಿಕ್ ಸಮಿತಿ 2023ರಲ್ಲಿ ಕಿತ್ತುಕೊಂಡಿತು, ಈಗ ವರ್ಲ್ಡ್ ಬಾಕ್ಸಿಂಗ್ ಅನ್ನುವ ಹೊಸ ಸಂಸ್ಥೆ ಇದೆ, ಹಳೆಯದೂ ಬಾಗಿಲು ಹಾಕಿಲ್ಲ ಅಂತ ವಿವರಿಸಿದೆ. ಅಣ್ಣನಿಗೆ ಒಂದು ಚೂರೂ ಆಶ್ಚರ್ಯ ಆಗಲಿಲ್ಲ. "ನಮ್ಮ ರಾಜ್ಯೋತ್ಸವ ಸಮಿತಿ ಥರ" ಅಂದರು. ನಮ್ಮ ಬೀದಿಯಲ್ಲಿ ಎರಡಿವೆ.

ಅವರನ್ನು ನಿಜವಾಗಿ ಮುಟ್ಟಿದ್ದು ಕಂಚಿನ ವಿಷಯ. ಬಾಕ್ಸಿಂಗ್‌ನಲ್ಲಿ ಮೂರನೇ ಸ್ಥಾನಕ್ಕೆ ಪಂದ್ಯ ಇರುವುದಿಲ್ಲ. ಸೆಮಿಫೈನಲ್‌ನಲ್ಲಿ ಸೋತ ಇಬ್ಬರಿಗೂ ಕಂಚು ಕೊಡುತ್ತಾರೆ.

"ಸೋತ್ರೂ ಕೊಡ್ತಾರಾ?"

"ಹೂಂ ಅಣ್ಣ."

"ಅಂದ್ರೆ ನಿಗಮ ಮಂಡಳಿ!"

ಬಾಕ್ಸಿಂಗ್ ಅನ್ನು ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರನ್ನು ನಾನು ಕಂಡಿಲ್ಲ.

ಜೈಸ್ಮಿನ್ ಫೈನಲ್ ಬಗ್ಗೆಯೂ ಹೇಳಲು ನೋಡಿದೆ. ಎದುರಾಳಿ ಪೋಲೆಂಡಿನ ಹುಡುಗಿ, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದವಳು. ಮೂರು ಮೂರು ನಿಮಿಷದ ಮೂರು ಸುತ್ತು. ಐದು ತೀರ್ಪುಗಾರರಲ್ಲಿ ನಾಲ್ವರು ಜೈಸ್ಮಿನ್ ಕಡೆ. ಅಣ್ಣನ ಹುಬ್ಬು ಗಂಟಾಯಿತು. "ಆ ಐದನೆಯವನು ಯಾರು? ವಿರುದ್ಧ ಹೋದ್ನಲ್ಲ, ಅವನನ್ನ ಹೈಕಮಾಂಡ್ ಕೇಳಲ್ವಾ?"

ಇಷ್ಟರಲ್ಲಿ ಒಬ್ಬ ಹುಡುಗ, ಹತ್ತನೇ ಕ್ಲಾಸಿನವನಿರಬೇಕು, ಬಾಕ್ಸಿಂಗ್ ಕಲಿಯೋಕೆ ಎಲ್ಲಿಗೆ ಹೋಗ್ಬೇಕು ಅಂತ ಕೇಳಿದ. ನಮ್ಮದೇ ರಾಜ್ಯದ ವಿಜಯನಗರದಲ್ಲಿ, ತೋರಣಗಲ್ಲಿನ ಹತ್ತಿರ ದೊಡ್ಡ ತರಬೇತಿ ಸಂಸ್ಥೆ ಇದೆ, ಬೇರೆ ರಾಜ್ಯದ ಬಾಕ್ಸರ್‌ಗಳೂ ಅಲ್ಲಿಗೆ ಬರುತ್ತಾರೆ ಅಂದೆ. ಅಣ್ಣ ವಿಜಯನಗರ ಅಂದಾಗ ಮೆಟ್ರೋ ಇಳಿಯುವ ವಿಜಯನಗರ ಅಂದುಕೊಂಡರು. "ಓ, ಇಲ್ಲೇ ಅಲ್ವಾ, ಹೋಗ್ಬಾ" ಅಂತ ಅವನ ಬೆನ್ನು ತಟ್ಟಿದರು. ಅದರ ಫೋಟೊ ಕೂಡ ತೆಗೆಸಿಕೊಂಡರು.

ರಾತ್ರಿ ಹತ್ತೂವರೆಗೆ ಫ್ಲೆಕ್ಸ್ ಅಂಗಡಿಯವನ ಫೋನ್ ಬಂತು. ಅಣ್ಣ ಸ್ಪೀಕರ್ ಹಾಕಿದರು.

"ಅಣ್ಣಾ, ಮೂಲೇಲಿರೋ ಆ ಹುಡುಗಿ ಫೋಟೊ ವಾಟ್ಸಾಪ್‌ದು. ದೊಡ್ಡದು ಮಾಡಿದ್ರೆ ಒಡೀತಾ ಇದೆ. ಏನ್ ಮಾಡ್ಲಿ?"

ಅಣ್ಣ ಒಂದು ಕ್ಷಣ ಯೋಚನೆ ಮಾಡಿದರು.

"ಹುಡುಗೀನ ತೆಗೆದುಬಿಡಪ್ಪ. ಗ್ಲೌಸ್ ಇರುತ್ತಲ್ಲ, ಅದನ್ನ ನನ್ನ ಕೈಗೆ ಹಾಕು."